ಎಫ್5 ಬಿಗ್-ಐಪಿ ಐರೂಲ್‌ನಲ್ಲಿ ಡಿಎನ್ಎಸ್ ಉತ್ತರ ಬದಲಾಯಿಸ್ತಿದೀನಿ, ದಿನಕ್ಕೆ ಮೂರ್ನಾಲ್ಕು ಸಲ ಹೆಸರೇ ಮಾಯ ಆಗ್ತಿದೆ

ರಾತ್ರಿಪಾಳಿ (ಸೋಮವಾರ ರಾತ್ರಿ 11:20)

ಎಲ್ರಿಗೂ ನಮಸ್ಕಾರ. ಗೊತ್ತಿಲ್ದೋರಿಗೆ: ಡಿಎನ್ಎಸ್ ಅಂದ್ರೆ ಹೆಸರು ಕೊಟ್ರೆ ಐಪಿ ಅಡ್ರೆಸ್ ಹೇಳೋ ವ್ಯವಸ್ಥೆ, ಬಿಗ್-ಐಪಿ ಅಂದ್ರೆ ಎಫ್5 ಕಂಪನಿಯ ಟ್ರಾಫಿಕ್ ಹಂಚೋ ಡಬ್ಬ, ಐರೂಲ್ ಅಂದ್ರೆ ಅದರ ಮೇಲೆ ನಾವು ಬರೆಯೋ ಸ್ಕ್ರಿಪ್ಟ್. ಎರಡು ವಾರದಿಂದ ತಲೆ ಕೆರ್ಕೊಂಡು ಕೂತಿದೀನಿ, ಆಫೀಸಲ್ಲಿ ಕೇಳೋಣ ಅಂದ್ರೆ ನಮ್ಮಲ್ಲಿ ನೆಟ್‌ವರ್ಕ್ ಟೀಮ್ ಅಂದ್ರೆ ನಾನೊಬ್ನೇ, ಅದಕ್ಕೆ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ ಬೇಜಾರ್ ಮಾಡ್ಕೋಬೇಡಿ.

ನಮ್ಮ ಇಆರ್‌ಪಿ (ಕಂಪನಿ ವ್ಯವಹಾರ ನೋಡ್ಕೊಳ್ಳೋ ಸಾಫ್ಟ್‌ವೇರ್) ಸರ್ವರ್ ಮೊದ್ಲು ಬೆಂಗಳೂರು ಹೆಡ್ ಆಫೀಸಲ್ಲಿ ಒಂದೇ ಇತ್ತು. ಈಗ ಹುಬ್ಬಳ್ಳಿ, ಮಂಗಳೂರು ಗೋಡೌನ್‌ಗಳಲ್ಲಿ ಒಂದೊಂದು ಲೋಕಲ್ ಸರ್ವರ್ ಕೂರಿಸಿದಾರೆ, ಆದ್ರೆ ಹೆಸರು ಮಾತ್ರ ಎಲ್ಲಾ ಕಡೆ ಒಂದೇ ಇರ್ಬೇಕಂತೆ, ಇಆರ್‌ಪಿ.ಕಂಪನಿ.ಇನ್ ಅಂತ ಇಟ್ಕೊಳ್ಳಿ (ನಿಜವಾದ ಹೆಸರು ಹಾಕಿಲ್ಲ). ಹುಬ್ಬಳ್ಳಿಯೋರು ಕೇಳಿದ್ರೆ ಹುಬ್ಬಳ್ಳಿ ಐಪಿ, ಮಂಗಳೂರೋರು ಕೇಳಿದ್ರೆ ಮಂಗಳೂರು ಐಪಿ, ಬೇರೆ ಯಾರೇ ಕೇಳಿದ್ರೂ ಬೆಂಗಳೂರು. ಲೋಕಲ್ ಸರ್ವರ್ ಮಲಗಿದ್ರೆ ಆ ಊರಿನೋರಿಗೂ ಬೆಂಗಳೂರು ಐಪಿನೇ ಹೋಗ್ಬೇಕು.

ನಮ್ಮಲ್ಲಿ ಬಿಗ್-ಐಪಿ ಇದೆ, ಎಲ್‌ಟಿಎಂ (ಲೋಡ್ ಹಂಚೋ ಭಾಗ) ಮತ್ತೆ ಡಿಎನ್ಎಸ್ ಸರ್ವಿಸಸ್ ಲೈಸೆನ್ಸ್, ಜಿಟಿಎಂ (ಊರು ನೋಡಿ ಡಿಎನ್ಎಸ್ ಉತ್ತರ ಕೊಡೋ ಭಾಗ) ಇಲ್ಲ. ಡಿಎನ್ಎಸ್‌ನ 53ನೇ ಪೋರ್ಟ್ ಮೇಲೆ ವರ್ಚುವಲ್ ಸರ್ವರ್ (ಕೇಳೋರು ತಟ್ಟೋ ಬಾಗಿಲು), ಹಿಂದೆ ಎರಡು ಬೈಂಡ್ (ಡಿಎನ್ಎಸ್ ಸಾಫ್ಟ್‌ವೇರ್) ಸರ್ವರ್‌ಗಳ ಪೂಲ್. ಅದರ ಮೇಲೆ ಐರೂಲ್ ಬರೆದೆ. ಕೋಡ್ ಪೂರ್ತಿ ಹಾಕಲ್ಲ, ಬಾಯಲ್ಲಿ ಹೇಳ್ಬೇಕು ಅಂದ್ರೆ ಹೀಗೆ: ಡಿಎನ್ಎಸ್_ರಿಕ್ವೆಸ್ಟ್ ಇವೆಂಟ್‌ನಲ್ಲಿ ಹೆಸರು ನಮ್ಮದಾ ಅಂತ ಈಕ್ವಲ್ಸ್ ಹಾಕಿ ನೋಡು, ಟೈಪ್ ಎ (ಐಪಿವಿ4 ಅಡ್ರೆಸ್ ಕೇಳೋದು) ಆಗಿದ್ರೆ ಕ್ಲೈಂಟ್ ಐಪಿ ಯಾವ ಸಬ್‌ನೆಟ್ (ಯಾವ ಊರಿನ ಐಪಿ ಗುಂಪು) ನೋಡಿ ಇಫ್ ಎಲ್ಸ್ ಇಫ್ ಎಲ್ಸ್ ಅಂತ ಹೋಗಿ ಡಿಎನ್ಎಸ್::ಆನ್ಸರ್ ಇನ್ಸರ್ಟ್ ಮಾಡು, ಟಿಟಿಎಲ್ (ಉತ್ತರ ಇಟ್ಕೊಳ್ಳೋ ಸಮಯ) 60 ಸೆಕೆಂಡ್, ಆಮೇಲೆ ಡಿಎನ್ಎಸ್::ರಿಟರ್ನ್. ಟೈಪ್ ಕ್ವಾಡ್ ಎ (ಐಪಿವಿ6 ಅಡ್ರೆಸ್ ಕೇಳೋದು) ಆಗಿದ್ರೆ ನಮಗೆ ಐಪಿವಿ6 ಬೇಡ ಅಂತ ಎನ್ಎಕ್ಸ್‌ಡೊಮೇನ್ (ಇಲ್ಲ ಅನ್ನೋ ಉತ್ತರ) ಕೊಟ್ಟು ಕಳಿಸು. ಎಲ್ಲೋ ಓದಿದ್ದೆ ನೆಗೆಟಿವ್ ಉತ್ತರದ ಜೊತೆ ಎಸ್ಒಎ (ಡೊಮೇನ್‌ನ ಮೂಲ ವಿವರದ ರೆಕಾರ್ಡ್) ಇರ್ಬೇಕು ಅಂತ, ಅದನ್ನೂ ಹಾಕಿದೀನಿ. ಉಳಿದಿದ್ದೆಲ್ಲ ಬೈಂಡ್‌ಗೆ. ಬೈಂಡ್‌ನ ಜೋನ್‌ನಲ್ಲಿ (ಡೊಮೇನ್‌ನ ಹೆಸರುಪಟ್ಟಿ) ಇದ್ದ ಹಳೇ ಇಆರ್‌ಪಿ ರೆಕಾರ್ಡ್ ತೆಗೆದುಬಿಟ್ಟೆ, ಹೇಗಿದ್ರೂ ಸ್ಕ್ರಿಪ್ಟ್ ಕೊಡತ್ತಲ್ಲ ಅಂತ.

ಈಗ ಗೋಳು ಕೇಳಿ.

ಒಂದು, ದಿನಕ್ಕೆ ಮೂರ್ನಾಲ್ಕು ಸಲ ಎಲ್ಲಾ ಊರಲ್ಲೂ ಹೊಸದಾಗಿ ಲಾಗಿನ್ ಆಗೋರಿಗೆ ಸರ್ವರ್ ನಾಟ್ ಫೌಂಡ್ ಬರತ್ತೆ, ಆಗ್ಲೇ ಒಳಗಿರೋರಿಗೆ ಏನೂ ಆಗಲ್ಲ. ಕಾಲು ಗಂಟೆ ಬಿಟ್ರೆ ತಾನೇ ಸರಿ ಹೋಗತ್ತೆ. ನಾನು ಓಡಿ ಬಂದು ಲ್ಯಾಪ್‌ಟಾಪ್ ತೆಗೆದು ನೋಡೋಷ್ಟರಲ್ಲಿ ಎಲ್ಲಾ ಚೆನ್ನಾಗಿರತ್ತೆ.

ಎರಡು, ಹುಬ್ಬಳ್ಳಿ ಲ್ಯಾಪ್‌ಟಾಪ್‌ನಿಂದ ಡಿಗ್ (ಡಿಎನ್ಎಸ್‌ನ ಕೇಳೋ ಕಮಾಂಡ್) ಹಾಕಿ ನೇರ ಬಿಗ್-ಐಪಿನ ಕೇಳಿದ್ರೆ ಹುಬ್ಬಳ್ಳಿ ಐಪಿ ಬರತ್ತೆ, ಅದೇ ಲ್ಯಾಪ್‌ಟಾಪ್ ಬ್ರೌಸರ್‌ನಲ್ಲಿ ತೆಗೆದ್ರೆ ಬೆಂಗಳೂರಿಗೆ ಹೋಗತ್ತೆ.

ಮೂರು, ಮಂಗಳೂರಲ್ಲಿ ಒಂದ್ಸಲನೂ ಕೆಲ್ಸ ಮಾಡಿಲ್ಲ. ಲಾಗ್ ಲೈನ್ ಹಾಕಿ ನೋಡಿದ್ರೆ ಅಲ್ಲಿಂದ ಬರೋ ಹೆಸರಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಲ್ಲಾ ಕಲಸಿ ಬಂದಿದೆ, ಪ್ರತಿ ಸಲ ಬೇರೆ ಬೇರೆ ಥರ. ವೈರಸ್ ಏನಾದ್ರೂ ಇರ್ಬಹುದಾ ಅಂತ ಭಯ ಆಗಿ ಅಲ್ಲಿನ ಪಿಸಿಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದೆ, ಏನೂ ಸಿಗ್ಲಿಲ್ಲ.

---

ಪೋರ್ಟ್53 (ಮಂಗಳವಾರ ಬೆಳಿಗ್ಗೆ 7:05)

ಕಾಫಿ ಕುಡೀತಾ ಓದಿದೆ, ಮೂರೂ ಬೇರೆ ಬೇರೆ ಕಾಯಿಲೆ ಗುರು, ಒಂದೇ ಔಷಧಿ ಹುಡುಕ್ತಾ ಕೂರ್ಬೇಡಿ.

ಮೊದ್ಲು ಮಂಗಳೂರು, ಅದು ಸುಲಭ. ವೈರಸ್ ಅಲ್ಲ. ಅಲ್ಲಿನ ಫೈರ್‌ವಾಲ್ ಒಳಗೆ ಅನ್‌ಬೌಂಡ್ ಅನ್ನೋ ಡಿಎನ್ಎಸ್ ಸಾಫ್ಟ್‌ವೇರ್ ಓಡ್ತಿರತ್ತೆ, ಅದರಲ್ಲಿ ಯಾರೋ ಯೂಸ್-ಕ್ಯಾಪ್ಸ್-ಫಾರ್-ಐಡಿ ಆನ್ ಮಾಡಿರ್ತಾರೆ. ಡಿಎನ್ಎಸ್ ಪ್ಯಾಕೆಟ್‌ನಲ್ಲಿ ಟ್ರಾನ್ಸಾಕ್ಷನ್ ಐಡಿ ಬರೀ 16 ಬಿಟ್, ಅಂದ್ರೆ 65,536 ಸಾಧ್ಯತೆ ಅಷ್ಟೇ, ಊಹೆ ಮಾಡಿ ಸುಳ್ಳು ಉತ್ತರ ತುರುಕಬಹುದು ಅಂತ 2008ರಲ್ಲಿ ಸೆಕ್ಯುರಿಟಿ ಸಂಶೋಧಕ ಡ್ಯಾನ್ ಕಾಮಿನ್ಸ್ಕಿ ತೋರಿಸಿದ್ಮೇಲೆ ಎಲ್ರೂ ಸೋರ್ಸ್ ಪೋರ್ಟ್ ರ್‍ಯಾಂಡಮ್ ಮಾಡಿದ್ರು. ಅದೇ ಕಾಲದಲ್ಲಿ ಬಂದ ಇನ್ನೊಂದು ಐಡಿಯಾ ಇದು. ಡಿಎನ್ಎಸ್‌ಗೆ ದೊಡ್ಡ ಸಣ್ಣ ಅಕ್ಷರ ಎರಡೂ ಒಂದೇ, ಹಾಗಾಗಿ ಕೇಳೋವಾಗ ಅಕ್ಷರ ಕಲಸಿ ಕೇಳೋದು, ಉತ್ತರದಲ್ಲಿ ಪ್ರಶ್ನೆ ಅದೇ ಕಲಸಲಲ್ಲಿ ವಾಪಸ್ ಬರ್ಲಿಲ್ಲ ಅಂದ್ರೆ ಕಳ್ಳ ಅಂತ ಬಿಸಾಕೋದು. ಗೂಗಲ್‌ನ 8.8.8.8 ಡಿಎನ್ಎಸ್ ಕೂಡ ಹೀಗೇ ಕೇಳತ್ತೆ. ಆಸ್ಕಿಯಲ್ಲಿ (ಕಂಪ್ಯೂಟರ್ ಅಕ್ಷರಕ್ಕೆ ಕೊಡೋ ನಂಬರ್) ದೊಡ್ಡ ಎ ಸಣ್ಣ ಎ ನಡುವೆ ಇರೋ ವ್ಯತ್ಯಾಸ ಒಂದೇ ಬಿಟ್, 32ರದ್ದು. (ಕನ್ನಡದಲ್ಲಿ ಈ ರಗಳೆನೇ ಇಲ್ಲ, ಬರೆದು ತೋರಿಸೋಣ ಅಂದ್ರೂ ಆಗಲ್ಲ.)

ನೀವು ಹಾಕಿರೋ ಈಕ್ವಲ್ಸ್ ಅಕ್ಷರ ಅಕ್ಷರ ಹೋಲಿಸತ್ತೆ. ನೀವು ಕೊಟ್ಟ ಹೆಸರು ಇಂಗ್ಲಿಷಲ್ಲಿ 12 ಅಕ್ಷರ, ಎಲ್ಲಾ ಸಣ್ಣಕ್ಷರದಲ್ಲೇ ಬರೋ ಚಾನ್ಸ್ 4,096ಕ್ಕೆ ಒಂದು. ಮಿಕ್ಕ 4,095 ಸಲನೂ ಸ್ಕ್ರಿಪ್ಟ್ ಇದು ನಮ್ದಲ್ಲ ಅಂತ ಬೈಂಡ್‌ಗೆ ತಳ್ಳತ್ತೆ, ಅಲ್ಲಿ ನೀವು ರೆಕಾರ್ಡೇ ಕಿತ್ತಾಕಿದೀರ, ಇನ್ನೇನು ಬರತ್ತೆ. ಹೋಲಿಸೋಕೆ ಮುಂಚೆ ಸ್ಟ್ರಿಂಗ್ ಟುಲೋವರ್ ಹಾಕಿ. ಆದ್ರೆ ಹುಷಾರು, ಸಣ್ಣಕ್ಷರ ಮಾಡಿದ್ದು ಹೋಲಿಕೆಗೆ ಮಾತ್ರ, ಉತ್ತರದಲ್ಲಿ ಹಾಕೋ ಹೆಸರು ಬಂದ ಹಾಗೇ ಇರ್ಲಿ.

ಇನ್ನು ಕಾಲು ಗಂಟೆ ವಿಷ್ಯ. ನಿಮ್ಮ ಎಸ್ಒಎಯಲ್ಲಿ ಕೊನೇ ನಂಬರ್ (ಇಲ್ಲ ಅನ್ನೋ ಉತ್ತರನ ಎಷ್ಟು ಸೆಕೆಂಡ್ ಇಟ್ಕೊಳ್ಬೇಕು ಅನ್ನೋದು) ಎಷ್ಟಿದೆ? 900 ಅಲ್ವಾ? ಕಾಲು ಗಂಟೆ ಅಂದ್ರೆ 900 ಸೆಕೆಂಡ್. ಹೆಸರನ್ನ ಮಾಯ ಮಾಡ್ತಿರೋರು ಬೇರೆ ಯಾರೂ ಅಲ್ಲ, ನೀವೇ.

ಎನ್ಎಕ್ಸ್‌ಡೊಮೇನ್ ಅಂದ್ರೆ "ಈ ಟೈಪ್ ಇಲ್ಲ" ಅಂತಲ್ಲ, "ಈ ಹೆಸರೇ ಭೂಮಿ ಮೇಲಿಲ್ಲ" ಅಂತ. 1998ರ ಆರ್‌ಎಫ್‌ಸಿ 2308 (ಇಂಟರ್ನೆಟ್ ನಿಯಮದ ದಾಖಲೆ) ಪ್ರಕಾರ ಅದನ್ನ ಕ್ಯಾಶ್ ಮಾಡೋದು (ನೆನಪಿಟ್ಕೊಳ್ಳೋದು) ಹೆಸರಿನ ಮೇಲೆ, ಟೈಪ್ ಮೇಲೆ ಅಲ್ಲ. ಮನೆ ಬಾಗಿಲಿಗೆ ಬಂದು ಒಬ್ಬ "ನಿಮ್ಮನೇಲಿ ನಾಯಿ ಇದ್ಯಾ" ಅಂತ ಕೇಳಿದ್ರೆ "ಇಲ್ಲಿ ಮನೆನೇ ಇಲ್ಲ" ಅಂದಂಗಾಯ್ತು. ಯಾವುದೋ ಒಂದು ಡಿವೈಸ್ ಕ್ವಾಡ್ ಎ ಕೇಳತ್ತೆ, ಮಧ್ಯದಲ್ಲಿರೋ ಡಿಎನ್ಎಸ್ ಸರ್ವರ್ ಆ ಎನ್ಎಕ್ಸ್‌ಡೊಮೇನ್ ಇಟ್ಕೊಳತ್ತೆ, ನಿಮ್ಮ ಎ ರೆಕಾರ್ಡ್ 60 ಸೆಕೆಂಡಿಗೆ ಸತ್ತೋಗತ್ತೆ, ಆಮೇಲೆ ಎ ಕೇಳಿದೋರಿಗೂ "ಮನೆನೇ ಇಲ್ಲ". ಕ್ವಾಡ್ ಎ ಬಂದ್ರೆ ಆರ್‌ಕೋಡ್ (ಉತ್ತರದ ಸ್ಥಿತಿ) ನೋಎರರ್, ಉತ್ತರ ಖಾಲಿ, ಎಸ್ಒಎ ಇರ್ಲಿ. ಹೆಸರಿದೆ ಆದ್ರೆ ಈ ಟೈಪ್ ಇಲ್ಲ ಅಂತ, ಇದಕ್ಕೇ ನೋಡೇಟಾ ಅನ್ನೋದು.

ಕ್ವಾಡ್ ಎ ಯಾರು ಕೇಳ್ತಿರೋದು ಅಂತ ಲಾಗ್ ನೋಡಿ. ನೋಡಿದ್ಮೇಲೆ ಆ ಲಾಗ್ ಲೈನ್ ತೆಗೀರಿ, ಒಂದೊಂದು ಕ್ವೆರಿಗೂ ಲೋಕಲ್0ಗೆ (ಬಿಗ್-ಐಪಿ ಒಳಗಿನ ಲಾಗ್) ಬರೆಯೋದು ಒಳ್ಳೇದಲ್ಲ, ಬೇಕೇ ಬೇಕು ಅಂದ್ರೆ ಎಚ್‌ಎಸ್‌ಎಲ್ (ಹೈಸ್ಪೀಡ್ ಲಾಗಿಂಗ್) ಹಾಕಿ ಹೊರಗಿನ ಸಿಸ್‌ಲಾಗ್‌ಗೆ ಕಳಿಸಿ.

ಹುಬ್ಬಳ್ಳಿ ಬಗ್ಗೆ ಒಂದೇ ಪ್ರಶ್ನೆ. ಅಲ್ಲಿನ ಲ್ಯಾಪ್‌ಟಾಪ್‌ಗೆ ಡಿಎಚ್‌ಸಿಪಿಯಲ್ಲಿ (ನೆಟ್‌ವರ್ಕ್ ಸೆಟ್ಟಿಂಗ್ ತಾನೇ ಹಂಚೋದು) ಯಾವ ಡಿಎನ್ಎಸ್ ಕೊಟ್ಟಿದೀರ?

---

ರಾತ್ರಿಪಾಳಿ (ಮಂಗಳವಾರ ಮಧ್ಯಾಹ್ನ 1:40)

ಅಣ್ಣಾ 900 ಹೆಂಗೆ ಗೊತ್ತಾಯ್ತು ನಿಮಗೆ, ಕರೆಕ್ಟಾಗಿ ಅದೇ ಇದೆ!

ಲಾಗ್ ನೋಡಿದೆ. ನಮ್ಮ ಪಿಸಿಗಳಲ್ಲಿ ಐಪಿವಿ6 ಅಡ್ರೆಸ್ಸೇ ಇಲ್ಲ, ಅವು ಎ ಮಾತ್ರ ಕೇಳ್ತಿವೆ. ಕ್ವಾಡ್ ಎ ಕೇಳ್ತಿರೋದು ಗೋಡೌನ್‌ನ ಬಾರ್‌ಕೋಡ್ ಸ್ಕ್ಯಾನರ್‌ಗಳು, ಆಂಡ್ರಾಯ್ಡ್ ಇರೋವು. ಬೆಳಿಗ್ಗೆ 9ಕ್ಕೆ, 2 ಗಂಟೆಗೆ, ರಾತ್ರಿ 10ಕ್ಕೆ ಶಿಫ್ಟ್ ಬದಲಾದಾಗ ಆನ್ ಮಾಡ್ತಾರೆ, ಒಂದ್ಸಲ ಲಾಗಿನ್ ಆದ್ಮೇಲೆ ಕನೆಕ್ಷನ್ ಬಿಡಲ್ಲ. ನಂಗೆ ಫೋನ್ ಬರ್ತಿದ್ದಿದ್ದೂ ಸರಿಯಾಗಿ ಅದೇ ಟೈಮಿಗೆ, ಎರಡು ವಾರ ಆದ್ರೂ ಇದು ಹೊಳೀಲೇ ಇಲ್ವಲ್ಲ ಅಂತ ನನ್ನ ಮೇಲೇ ಬೇಜಾರಾಯ್ತು. ನೋಡೇಟಾ ಮಾಡಿದೀನಿ, ಟುಲೋವರ್ ಕೂಡ ಹಾಕಿದೆ, ಮಂಗಳೂರು ಆ ಕ್ಷಣದಲ್ಲೇ ಬಂತು.

ಹುಬ್ಬಳ್ಳಿಯಲ್ಲಿ ಡಿಎನ್ಎಸ್ ಅಂತ ಕೊಟ್ಟಿರೋದು ಬೆಂಗಳೂರಿನ ಎರಡು ಡಿಸಿ (ಜಿಲ್ಲಾಧಿಕಾರಿ ಅಲ್ಲ ಡೊಮೇನ್ ಕಂಟ್ರೋಲರ್, ವಿಂಡೋಸ್‌ನ ಲಾಗಿನ್ ಸರ್ವರ್), ಅವು ಈ ಡೊಮೇನ್‌ನ ಬಿಗ್-ಐಪಿಗೆ ಫಾರ್ವರ್ಡ್ ಮಾಡ್ತವೆ. ಹೆಡ್ ಆಫೀಸಿಗೂ ಅದೇ. ಮಂಗಳೂರು ಮಾತ್ರ ಫೈರ್‌ವಾಲ್‌ನಿಂದ ನೇರ.

---

ಹುಬ್ಬಳ್ಳಿ ಹೈದ (ಮಂಗಳವಾರ ಮಧ್ಯಾಹ್ನ 3:15)

ನಮ್ಮೂರಿನ ಸುದ್ದಿ ಬಂತು ಅಂತ ನಾನೂ ಬಂದೆ ನೋಡ್ರಿ.

ಸಾಹೇಬ್ರ, ನಿಮ್ಮ ಸ್ಕ್ರಿಪ್ಟಿಗೆ ಹುಬ್ಬಳ್ಳಿ ಮಂದಿ ಮುಖ ಕಾಣಂಗಿಲ್ಲ. ಲ್ಯಾಪ್‌ಟಾಪು ಡಿಸಿಗೆ ಕೇಳ್ತದ, ಡಿಸಿ ಬಂದು ಬಿಗ್-ಐಪಿಗೆ ಕೇಳ್ತದ. ನಿಮ್ಮ ಐಪಿ::ಕ್ಲೈಂಟ್_ಅಡ್ರ್ ಒಳಗ ಇರೋದು ಡಿಸಿ ಐಪಿ, ಅದು ಬೆಂಗಳೂರಿನ ಸಬ್‌ನೆಟ್ಟು, ಅದಕ್ಕ ಬೆಂಗಳೂರಿನ ಉತ್ತರ. ಮ್ಯಾಲೆ ಆ ಉತ್ತರ ಡಿಸಿ ಕ್ಯಾಶ್ ಮಾಡಿ ಊರಿಗೆಲ್ಲ ಹಂಚ್ತದ. ಡಿಗ್ ಹಾಕಿ ನೇರ ಕೇಳಿದಾಗ ನಡುವ ಡಿಸಿ ಇರಂಗಿಲ್ಲ, ಅದಕ್ಕ ಸರಿ ಬಂತು. ಇಡಿಎನ್ಎಸ್ ಕ್ಲೈಂಟ್ ಸಬ್‌ನೆಟ್ ಅಂತ ಒಂದು ಐತಿ, ಆರ್‌ಎಫ್‌ಸಿ 7871, ಕೇಳಿದವನ ಸಬ್‌ನೆಟ್ ಪ್ಯಾಕೆಟ್ ಒಳಗ ಹಾಕಿ ಕಳಿಸೋದು, ಆದ್ರ ನಡುವ ಇರೋ ಸರ್ವರ್ ಅದನ್ನ ಕಳಿಸಿದ್ರ ಮಾತ್ರ ಉಪಯೋಗ.

ನನ್ನ ಕೇಳಿದ್ರ ಈ ಕೆಲಸಕ್ಕ ಸ್ಕ್ರಿಪ್ಟೇ ಬ್ಯಾಡ. ಡಿಸಿ ವಿಂಡೋಸ್ ಸರ್ವರ್ 2016 ಅಥವಾ ಅದಕ್ಕಿಂತ ಹೊಸದಿದ್ರ ಅದರಾಗ ಡಿಎನ್ಎಸ್ ಪಾಲಿಸಿ ಅಂತ ಐತಿ. ಪವರ್‌ಶೆಲ್‌ದಾಗ ಕ್ಲೈಂಟ್ ಸಬ್‌ನೆಟ್ ಹೆಸರು ಕೊಡ್ರಿ, ಜೋನ್ ಸ್ಕೋಪ್ (ಸಬ್‌ನೆಟ್ಟಿಗೊಂದು ಬ್ಯಾರೆ ಉತ್ತರಪಟ್ಟಿ) ಮಾಡ್ರಿ, ಈ ಸಬ್‌ನೆಟ್ಟಿಗೆ ಈ ಸ್ಕೋಪು ಅಂತ ಪಾಲಿಸಿ ಬರೀರಿ, ಮುಗೀತು. ಕೇಳಿದವ ಯಾರು ಅಂತ ಖರೇ ಕಾಣೋದು ಡಿಸಿಗೆ, ಉತ್ತರ ಅಲ್ಲೇ ಕೊಡೋದು ಛಲೋ. ಬಿಗ್-ಐಪಿ ಮ್ಯಾಲೆ ಟಿಕಲ್ (ಐರೂಲ್ ಭಾಷೆ) ಬರಕೊಂಡು ಕೂತ್ರ ನೀವು ಕೆಲಸ ಬಿಟ್ಟು ಹೋದ ಮ್ಯಾಲೆ ಅದನ್ನ ಓದೋರು ಯಾರ್ರಿ? ನಾ ಹಂತಾ ಒಂದು 600 ಸಾಲಿನ ಐರೂಲ್ ವಾರಸದಾರ ಆಗೀನಿ, ಬರದವ ಯಾವ ದೇಶದಾಗ ಅದಾನೋ ಗೊತ್ತಿಲ್ಲ, ದಿನಾ ಒಂದ್ಸಲ ನೆನೆಸ್ತೀನಿ ಅವನ್ನ.

---

ಪೋರ್ಟ್53 (ಮಂಗಳವಾರ ಸಂಜೆ 6:30)

ಹೈದ ಹೇಳಿದ್ದು ಮುಕ್ಕಾಲು ಒಪ್ತೀನಿ. ಆದ್ರೆ ಡಿಎನ್ಎಸ್ ಪಾಲಿಸಿಗೆ ಹುಬ್ಬಳ್ಳಿ ಸರ್ವರ್ ಜೀವಂತ ಇದ್ಯಾ ಅಂತ ಗೊತ್ತಿರಲ್ಲ, ಅದು ಬರೀ ಸಬ್‌ನೆಟ್ ನೋಡಿ ಉತ್ತರ ಕೊಡತ್ತೆ. ಮಲಗಿದ್ರೆ ಬೆಂಗಳೂರಿಗೆ ಕಳಿಸಿ ಅಂದಿದಾರಲ್ಲ, ಅದಕ್ಕೆ ಬಿಗ್-ಐಪಿನೇ ಸರಿ. ಜಿಟಿಎಂ ಇದ್ದಿದ್ರೆ (12ನೇ ವರ್ಷನ್‌ನಿಂದ ಬಿಗ್-ಐಪಿ ಡಿಎನ್ಎಸ್ ಅಂತ ಹೆಸರು) ವೈಡ್ ಐಪಿ (ಒಂದೇ ಹೆಸರಿಗೆ ಹಲವು ಸರ್ವರ್) ಮಾಡಿ ಟೊಪಾಲಜಿ (ಕೇಳಿದೋರ ಜಾಗ ನೋಡಿ ಆರಿಸೋದು) ಹಾಕಿದ್ರೆ ಒಂದು ಸಾಲೂ ಬರೀದೆ ಕೆಲ್ಸ ಆಗೋದು, ಲೈಸೆನ್ಸ್ ಇಲ್ಲ ಅಂತೀರ, ಸರಿ ಬಿಡಿ.

ಹಾಗಾದ್ರೆ ಸ್ಕ್ರಿಪ್ಟ್ ಇಟ್ಕೊಳ್ಳಿ, ಆದ್ರೆ ಹತ್ತು ಹದಿನೈದು ಸಾಲಿಗೆ ಇಳಿಸಿ. ಇಫ್ ಎಲ್ಸ್ ಸರಪಳಿ ಬೇಡ. ಅಡ್ರೆಸ್ ಟೈಪಿನ ಡೇಟಾ ಗ್ರೂಪ್ (ಹುಡುಕೋ ಪಟ್ಟಿ) ಒಂದು ಮಾಡಿ, ಕೀ ಜಾಗದಲ್ಲಿ ಸಬ್‌ನೆಟ್, ವ್ಯಾಲ್ಯೂ ಜಾಗದಲ್ಲಿ ಪೂಲ್ ಹೆಸರು ಮತ್ತೆ ಐಪಿ. ಕ್ಲಾಸ್ ಮ್ಯಾಚ್ ಮೈನಸ್ ವ್ಯಾಲ್ಯೂ ಅಂತ ಒಂದೇ ಸಾಲಲ್ಲಿ ಸಿಗತ್ತೆ. ನಾಳೆ ದಾವಣಗೆರೆ ಬ್ರಾಂಚ್ ಬಂದ್ರೆ ಡೇಟಾ ಗ್ರೂಪ್‌ಗೆ ಒಂದು ಸಾಲು ಸೇರಿಸಿದ್ರಾಯ್ತು, ಕೋಡ್ ಮುಟ್ಟೋದೇ ಬೇಡ, ಹೈದನ ಥರ ವಾರಸುದಾರ ಆಗೋನೂ ನಿಮ್ಮನ್ನ ಬೈಯಲ್ಲ. ಲೋಕಲ್ ಸರ್ವರ್‌ನ ಮಾನಿಟರ್ (ಜೀವ ಇದ್ಯಾ ಅಂತ ನೋಡ್ತಿರೋದು) ಇರೋ ಪೂಲ್‌ಗೆ ಹಾಕಿ ಆಕ್ಟಿವ್_ಮೆಂಬರ್ಸ್ ಕೇಳಿ, ಸೊನ್ನೆ ಬಂದ್ರೆ ಸ್ಕ್ರಿಪ್ಟ್ ಏನೂ ಮಾಡದೆ ಸುಮ್ನೆ ದಾರಿ ಬಿಡ್ಲಿ.

ದಾರಿ ಬಿಟ್ರೆ ಉತ್ತರ ಎಲ್ಲಿಂದ ಬರ್ಬೇಕು? ಬೈಂಡ್‌ನಿಂದ. ಅದಕ್ಕೇ ನೀವು ಕಿತ್ತಾಕಿದ ರೆಕಾರ್ಡ್‌ನ ಜೋನ್‌ಗೆ ವಾಪಸ್ ಹಾಕಿ, ಬೆಂಗಳೂರು ಐಪಿ ಕೊಟ್ಟು. ಇದೊಂದು ಮಾತ್ರ ಮರೀಬೇಡಿ.

ಇನ್ನೊಂದು, ಟಿಸಿಪಿ 53ಕ್ಕೆ ಬೇರೆ ವರ್ಚುವಲ್ ಇದ್ಯಲ್ಲ, ಐರೂಲ್ ಅದಕ್ಕೂ ಹಾಕಿದೀರಾ? ಡಿಗ್‌ನಲ್ಲಿ ಪ್ಲಸ್ ಟಿಸಿಪಿ ಕೊಟ್ಟು ನೋಡಿ, ಉತ್ತರ ಬೇರೆ ಬಂದ್ರೆ ಮರೆತಿದೀರ ಅಂತ ಅರ್ಥ.

---

ಹಟ್ಟಿ ನೆಟ್ (ಮಂಗಳವಾರ ರಾತ್ರಿ 9:50)

ನಮ್ಮಂಥ ಸಣ್ಣ ಐಎಸ್‌ಪಿಗೆ ಎಫ್5 ಕನಸಲ್ಲೂ ಬರಲ್ಲ, ಮೈಕ್ರೋಟಿಕ್ ರೂಟರ್‌ನಲ್ಲೇ ಎಲ್ಲಾ. ಅಲ್ಲಿ ಐಪಿ ಡಿಎನ್ಎಸ್ ಸ್ಟಾಟಿಕ್‌ನಲ್ಲಿ ಟೈಪ್ ಎಫ್‌ಡಬ್ಲ್ಯುಡಿ ಅಂತ ಹಾಕಿದ್ರೆ ಒಂದು ಡೊಮೇನ್ ಮಾತ್ರ ಬೇರೆ ಸರ್ವರ್‌ಗೆ ಕಳಿಸಬಹುದು, ಅದರ ಸಾಫ್ಟ್‌ವೇರ್ 6.47ರಿಂದ ಇದೆ. ರೆಜೆಕ್ಸ್ (ಹೆಸರು ಹೊಂದಿಸೋ ಮಾದರಿ) ಬರೆಯೋ ಆಸೆಗೆ ಹೋಗ್ಬೇಡಿ, ನಾನು ಚುಕ್ಕಿ ಮುಂದೆ ಬ್ಯಾಕ್‌ಸ್ಲ್ಯಾಶ್ ಮರೆತು ಅರ್ಧ ಇಂಟರ್ನೆಟ್ಟನ್ನ ನಮ್ಮ ಟೆಸ್ಟ್ ಸರ್ವರ್‌ಗೆ ತಿರುಗಿಸಿದ್ದೆ ಒಂದ್ಸಲ, ಹಬ್ಬದ ದಿನ ಬೇರೆ. ಹಾಗೇ ಅಲೋ ರಿಮೋಟ್ ರಿಕ್ವೆಸ್ಟ್ಸ್ ಆನ್ ಮಾಡೋರು ವ್ಯಾನ್ (ಹೊರಗಿನ ಇಂಟರ್ನೆಟ್) ಕಡೆ 53ನೇ ಪೋರ್ಟ್ ಮುಚ್ಚಿ ಮಾರಾಯ್ರೇ, ಇಲ್ಲಾಂದ್ರೆ ನಿಮ್ಮ ರೂಟರ್ ಯಾರ ಮೇಲೋ ದಾಳಿ ಮಾಡೋಕೆ ಕೂಲಿ ಕೆಲ್ಸ ಮಾಡ್ತಾ ಇರತ್ತೆ.

---

ರಾತ್ರಿಪಾಳಿ (ಗುರುವಾರ ರಾತ್ರಿ 10:30)

ಅಪ್‌ಡೇಟ್. ಶಿಫ್ಟ್ ಟೈಮಿನ ಗಲಾಟೆ ನಿಂತಿದೆ, ಮೂರು ದಿನದಲ್ಲಿ ಒಂದ್ಸಲನೂ ಆಗಿಲ್ಲ. ಟಿಸಿಪಿಗೆ ಹಾಕಿರ್ಲಿಲ್ಲ, ಹಾಕಿದೆ. ಡೇಟಾ ಗ್ರೂಪ್ ಮಾಡಿದೆ, 70 ಸಾಲಿದ್ದಿದ್ದು 14ಕ್ಕೆ ಬಂತು. ಬೈಂಡ್ ಜೋನ್ ಮಾತ್ರ ಇನ್ನೂ ಮುಟ್ಟಿಲ್ಲ, ಅದಕ್ಕೆ ಚೇಂಜ್ ಅಪ್ರೂವಲ್ ಬೇಕು, ಶನಿವಾರ ಸಿಗತ್ತೆ.

ಆದ್ರೆ ಒಂದು ವಿಚಿತ್ರ ಉಳ್ಕೊಂಡಿದೆ, ಹೇಳಿದ್ರೆ ನಗ್ತೀರ. ನಮ್ಮ ಮ್ಯಾನೇಜರ್ ಆಫೀಸಿಗೆ ಬಂದ ಸ್ವಲ್ಪ ಹೊತ್ತಿಗೆ ಕಾಲು ಗಂಟೆ ಹೆಸರು ಹೋಗತ್ತೆ. ನಿನ್ನೆ ಬಂದ್ರು ಹೋಯ್ತು, ಇವತ್ತು ಬಂದ್ರು ಹೋಯ್ತು. ಅವರು ಕ್ಯಾಬಿನ್‌ನಲ್ಲಿ ಕೂತು ಐಫೋನ್‌ನಲ್ಲಿ ಡ್ಯಾಶ್‌ಬೋರ್ಡ್ ನೋಡ್ತಾರೆ ಅಷ್ಟೇ. ಸ್ಕ್ರಿಪ್ಟ್‌ನಲ್ಲಿ ಈಗ ಎನ್ಎಕ್ಸ್‌ಡೊಮೇನ್ ಅನ್ನೋ ಪದನೇ ಇಲ್ಲ, ಆದ್ರೂ ಡಿಸಿ ಕ್ಯಾಶ್‌ನಲ್ಲಿ ಹೆಸರಿಲ್ಲ ಅಂತಾನೇ ತೋರಿಸ್ತಿದೆ. ಬೈಂಡ್ ಎಸ್ಒಎಯಲ್ಲಿ ನೆಗೆಟಿವ್ ಟಿಟಿಎಲ್ 3600 ಇದೆ, ಅದಾಗಿದ್ರೆ ಒಂದು ಗಂಟೆ ಹೋಗ್ಬೇಕಿತ್ತಲ್ವಾ?

---

ಪೋರ್ಟ್53 (ಶುಕ್ರವಾರ ಬೆಳಿಗ್ಗೆ 6:50)

ಮ್ಯಾನೇಜರ್ ಕಾಲ್ಗುಣ ಅಲ್ಲ ಬಿಡಿ, ಟೈಪ್ 65.

ಐಒಎಸ್ 14ರಿಂದ ಐಫೋನ್ ಎ, ಕ್ವಾಡ್ ಎ ಜೊತೆ ಎಚ್‌ಟಿಟಿಪಿಎಸ್ ಅನ್ನೋ ಇನ್ನೊಂದು ರೆಕಾರ್ಡ್ ಟೈಪನ್ನೂ ಕೇಳತ್ತೆ, ನಂಬರ್ 65. 2023ರ ನವೆಂಬರ್‌ನಲ್ಲಿ ಆರ್‌ಎಫ್‌ಸಿ 9460 ಅಂತ ಸ್ಟ್ಯಾಂಡರ್ಡ್ ಆಯ್ತು. ನಿಮ್ಮ ಸ್ಕ್ರಿಪ್ಟ್ ಎ ಹಿಡಿಯತ್ತೆ, ಕ್ವಾಡ್ ಎ ಹಿಡಿಯತ್ತೆ, 65 ಬಂದ್ರೆ ನಂಗೆ ಸಂಬಂಧ ಇಲ್ಲ ಅಂತ ಬೈಂಡ್‌ಗೆ ಬಿಡತ್ತೆ. ಬೈಂಡ್‌ನಲ್ಲಿ ಆ ಹೆಸರೇ ಇಲ್ಲ, ಅದು ಪ್ರಾಮಾಣಿಕವಾಗಿ ಎನ್ಎಕ್ಸ್‌ಡೊಮೇನ್ ಅನ್ನತ್ತೆ, ಡಿಸಿ ಅದನ್ನ ಇಟ್ಕೊಳತ್ತೆ. ಮೊದಲನೇ ಕಥೆನೇ, ಪಾತ್ರಧಾರಿ ಬೇರೆ. ಒಂದು ಗಂಟೆ ಯಾಕೆ ಹೋಗ್ಲಿಲ್ಲ ಅಂದ್ರೆ ವಿಂಡೋಸ್ ಡಿಎನ್ಎಸ್ ನೆಗೆಟಿವ್ ಉತ್ತರನ ಡೀಫಾಲ್ಟಾಗಿ 15 ನಿಮಿಷಕ್ಕಿಂತ ಜಾಸ್ತಿ ಇಟ್ಕೊಳಲ್ಲ, ಎಸ್ಒಎ ಏನೇ ಹೇಳ್ಲಿ.

ಈಗ 65ಕ್ಕೂ ಒಂದು ಇಫ್ ಬರೀಬೇಡಿ. ನಾಳೆ ಇನ್ನೊಂದು ಟೈಪ್ ಬರತ್ತೆ, ಅದಕ್ಕೂ ಬರೀತೀರಾ? ನಾನು ರೆಕಾರ್ಡ್ ವಾಪಸ್ ಹಾಕಿ ಅಂದಿದ್ದು ಇದಕ್ಕೂ ಸೇರಿಸಿನೇ. ಜೋನ್‌ನಲ್ಲಿ ಹೆಸರಿದ್ರೆ ಕ್ವಾಡ್ ಎ ಕೇಳಿದ್ರೂ 65 ಕೇಳಿದ್ರೂ ಬೈಂಡ್ ತಾನೇ ಸರಿಯಾದ ನೋಡೇಟಾ ಕೊಡತ್ತೆ, ಎಸ್ಒಎ ಕೂಡ ಅದೇ ಹಾಕತ್ತೆ. ನಿಮ್ಮ ಕ್ವಾಡ್ ಎ ಭಾಗನೂ ಕಿತ್ತು ಬಿಸಾಕಬಹುದು. ಸ್ಕ್ರಿಪ್ಟ್ ಮುಟ್ಟೋದು ಎ ಮಾತ್ರ, ಅದೂ ಊರು ಗೊತ್ತಿದ್ದು ಸರ್ವರ್ ಜೀವ ಇದ್ರೆ ಮಾತ್ರ.

---

ಹುಬ್ಬಳ್ಳಿ ಹೈದ (ಶುಕ್ರವಾರ ಬೆಳಿಗ್ಗೆ 9:10)

ಸ್ಕ್ರಿಪ್ಟ್ ಸಣ್ಣ ಆಕ್ಕೋತ ಆಕ್ಕೋತ ಕಡೀಕ ನಾ ಹೇಳಿದಲ್ಲಿಗೇ ಬಂದು ನಿಂತೈತಿ ನೋಡ್ರಿ 😄

ನಮ್ಮೂರಿನ ಲ್ಯಾಪ್‌ಟಾಪಿನ ಗತಿ ಏನಾತ್ರಿ?

---

ರಾತ್ರಿಪಾಳಿ (ಭಾನುವಾರ ಸಂಜೆ 5:00)

ನಿನ್ನೆ ರಾತ್ರಿ ಜೋನ್‌ಗೆ ರೆಕಾರ್ಡ್ ಹಾಕಿದೆ, ಕ್ವಾಡ್ ಎ ಭಾಗ ತೆಗೆದೆ, ಈಗ 9 ಸಾಲು. ಮ್ಯಾನೇಜರ್‌ಗೆ ಭಾನುವಾರನೂ ಬರೋಕೆ ಹೇಳೋ ಧೈರ್ಯ ಇಲ್ಲ, ನನ್ನ ತಂಗಿ ಐಫೋನ್ ಇಸ್ಕೊಂಡು ಆಫೀಸ್ ವೈಫೈಗೆ ಹಾಕಿ ಹತ್ತು ಸಲ ತೆಗೆದೆ ಮುಚ್ಚಿದೆ, ಹೆಸರು ಜಾಗ ಬಿಟ್ಟು ಅಲ್ಲಾಡ್ಲಿಲ್ಲ.

ಹುಬ್ಬಳ್ಳಿಗೆ ಡಿಎನ್ಎಸ್ ಪಾಲಿಸಿ ಮಾಡ್ಲಿಲ್ಲ, ಡಿಸಿ ಬೇರೆ ಟೀಮಿನ ಕೈಲಿದೆ, ಆ ಮಾತುಕತೆ ಶುರು ಮಾಡಿದ್ರೆ ಯುಗಾದಿ ದಾಟತ್ತೆ. ಮಂಗಳೂರಿನ ಥರಾನೇ ಅಲ್ಲಿನ ಫೈರ್‌ವಾಲ್‌ನಲ್ಲಿ ಅನ್‌ಬೌಂಡ್ ಆನ್ ಮಾಡಿ ಈ ಒಂದು ಹೆಸರನ್ನ ನೇರ ಬಿಗ್-ಐಪಿಗೆ, ಮಿಕ್ಕಿದ್ದು ಡಿಸಿಗೆ ಅಂತ ಮಾಡಿದೆ. ಮೊದ್ಲು ಉತ್ತರ ಖಾಲಿ ಬರ್ತಿತ್ತು, ಅರ್ಧ ಗಂಟೆ ಒದ್ದಾಡಿದ್ಮೇಲೆ ಗೊತ್ತಾಯ್ತು, ರೀಬೈಂಡಿಂಗ್ ಪ್ರೊಟೆಕ್ಷನ್ ಅಂತೆ, ಹೊರಗಿಂದ ಬಂದ ಉತ್ತರದಲ್ಲಿ 10ರಿಂದ ಶುರುವಾಗೋ ಐಪಿ (ಒಳಗಿನ ನೆಟ್‌ವರ್ಕ್‌ದು) ಇದ್ರೆ ಅನ್‌ಬೌಂಡ್ ಕಿತ್ತಾಕತ್ತೆ. ಪ್ರೈವೇಟ್-ಡೊಮೇನ್ ಅಂತ ನಮ್ಮ ಡೊಮೇನ್ ಸೇರಿಸಿದ್ಮೇಲೆ ಬಂತು. ಹುಬ್ಬಳ್ಳಿ ಸರ್ವರ್‌ನ ಬೇಕಂತಲೇ ಆಫ್ ಮಾಡಿಸಿ ನೋಡಿದೆ, ಒಂದೂವರೆ ನಿಮಿಷದಲ್ಲಿ ಬೆಂಗಳೂರಿಗೆ ತಿರುಗ್ತು. ಹೈದ, ನಿಮ್ಮೂರು ಈಗ ನಿಮ್ಮೂರಲ್ಲೇ ಇದೆ.

---

ಪೋರ್ಟ್53 (ಭಾನುವಾರ ಸಂಜೆ 5:25)

ಭೇಷ್. ಲಾಗ್ ಲೈನ್ ತೆಗೆದ್ರಾ?

---

ರಾತ್ರಿಪಾಳಿ (ಭಾನುವಾರ ಸಂಜೆ 5:27)

ಅಯ್ಯೋ. ಈಗ 8 ಸಾಲು.